ನೆಲನೆಲ್ಲಿ ಕೀಳುವ ಮೊದಲು

ಜಹೀರಾಬಾದಿನ ನಮ್ಮ ಮನೆಯ ಮೋರಿಯ ಪಕ್ಕ ಈ ಮಳೆಗಾಲದಲ್ಲೂ ನೆಲನೆಲ್ಲಿ ಎದ್ದಿದೆ. ಎಲೆಸಾಲಿನ ಕೆಳಗೆ ಸಾಸಿವೆಯಂಥ ಕಾಯಿ ಪೋಣಿಸಿಕೊಂಡ ಈ ಗಿಡವನ್ನು ನೀವೂ ಎಷ್ಟೋ ಸಲ ತುಳಿದಿರುತ್ತೀರಿ. ಇಂದು ಬೆಳಿಗ್ಗೆ ಪಕ್ಕದ ಮನೆಯಾಕೆ ಅದನ್ನೇ ಕೇಳಿಕೊಂಡು ಬಂದಳು. ಗಂಡನ ಕಣ್ಣು ಹಳದಿಯಾಗಿದೆ, ಕಾಮಣಿ, ಅಂದರೆ ಕಾಮಾಲೆಯಂತೆ.

"ನಿಮ್ಮ ಸೋದರತ್ತಿ ಕೊಡ್ತಿದ್ರಂತಲ್ರಿ, ನಿಮಗೂ ಗೊತ್ತಿರ್ತದ," ಎಂದಳು.

ಗೊತ್ತಿರುವುದೇನು, ಮಣ್ಣು! ತಲೆನೋವು ಬಂದರೆ ಗುಳಿಗೆ ಹುಡುಕುವವನು ನಾನು.

ಅತ್ತೆ ಇದ್ದದ್ದು ಮನೂರಿನ ಕಡೆಯ ಹಳ್ಳಿಯಲ್ಲಿ. ಕೆಮ್ಮಿದವರಿಗೆ ಆಡುಸೋಗೆ ಕಷಾಯ ಕೊಡುವಳು, ಕಫ ಸಡಿಲಾಗುತ್ತಿತ್ತು. ಹೊಟ್ಟೆ ಉಬ್ಬರಿಸಿದವರಿಗೆ ಓಮ. ತುಂಬೆ ಹೂವು ಮೊದಲು ಶಿವನಿಗೆ, ಉಳಿದದ್ದು ನೆಗಡಿಗೆ. ಹೆಸರು ಬಂದದ್ದು ಮಾತ್ರ ಕಾಮಣಿ ಔಷಧದಿಂದ. ಹಿಂದಿನ ಸಂಜೆಯೇ ನೆಲನೆಲ್ಲಿಗೆ ಅರಿಶಿನ ಕುಂಕುಮ ಇಟ್ಟು "ನಾಳಿ ಬರ್ತೀನವ್ವ" ಎಂದು ಹೇಳಿ ಬರುವಳು. ಬೆಳಿಗ್ಗೆ ಕಿತ್ತು, ಅರೆದು, ಮಜ್ಜಿಗೆಯಲ್ಲಿ ಕುಡಿಸುವಳು. ಕುಡಿಸುವ ಮೊದಲು ಎಲ್ಲರಿಗೂ ಒಂದೇ ಪ್ರಶ್ನೆ: "ನಿನ್ನಿ ಏನ್ ಉಂಡಿ?" ಮುದುಕಿಗೆ ಮಾತಿನ ಚಟ ಎಂದುಕೊಂಡಿದ್ದೆ.

ಇಪ್ಪತ್ತರ ವಯಸ್ಸಿನಲ್ಲಿ ನನಗೇ ಕಾಮಣಿಯಾಯಿತು. ಸೂಜಿಗೆ ಹೆದರುವ ಶೂರ ನಾನು. ಅತ್ತೆಯ ಔಷಧವೇ ಬೇಕೆಂದು ಹಟ ಹಿಡಿದೆ. ಅಪ್ಪ ಕರೆದೊಯ್ದ. ಅದೇ ಪ್ರಶ್ನೆ ಬಂತು. ಎಷ್ಟು ಯೋಚಿಸಿದರೂ ಉಂಡದ್ದು ನೆನಪಾಗಲಿಲ್ಲ. ಅತ್ತೆಯನ್ನು ತೀರಿಹೋದ ಅಜ್ಜಿ ಎಂದುಕೊಂಡು ಮಾತಾಡಿಸಿದೆನಂತೆ. ಅತ್ತೆ ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟಳು.

"ಅಣ್ಣಾ, ಇದು ನನ್ನ ಕೈಯಾಗಿಲ್ಲ. ನಿನ್ನಿ ಉಂಡದ್ದೇ ನೆನಪಿಲ್ಲಂದ್ರ ಬ್ಯಾನಿ ತಲಿಗಿ ಏರ್ಯಾದ. ಈಗಿಂದೀಗ ಜಹೀರಾಬಾದ್ ದವಾಖಾನಿಗಿ ಒಯ್ಯಿ."

"ಸ್ವಂತ ಅಳಿಯಗೇ ಕುಡಸಲಿಲ್ಲಂದ್ರ ನಾಳಿ ನಿನ್ನ ಬಾಗಿಲಿಗಿ ಯಾರ್ ಬರ್ತಾರ?" ಎಂದ ಅಪ್ಪ.

"ಬರದಿದ್ರ ಬ್ಯಾಡ. ಪೋರ ಉಳಿಲಿ."

ಹಾಗೆಯೇ ಆಯಿತು. ನಾನು ಉಳಿದೆ, ಅತ್ತೆಯ ಬಾಗಿಲಿಗೆ ಜನ ಬರುವುದು ನಿಂತಿತು. ಅಳಿಯನಿಗೇ ನಾಟದ ಔಷಧ ಎಂದು ಊರು ಆಡಿಕೊಂಡಿತು. ಒಮ್ಮೆ ಹೋಗಿ ನಡೆದದ್ದನ್ನು ನಾಲ್ಕು ಜನರಿಗೆ ಹೇಳಬಹುದಿತ್ತು. ಹೇಳಲಿಲ್ಲ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಪಕ್ಕದ ಮನೆಯಾಕೆ ಕಾಯುತ್ತಿದ್ದಳು. ಗಿಡ ಮುಟ್ಟದೆ ಅವಳ ಜೊತೆ ನಡೆದೆ. ಗಂಡ ಮಂಚದ ಮೇಲೆ ಗೋಡೆಗೆ ಒರಗಿದ್ದ.

"ನಿನ್ನಿ ಏನ್ ಉಂಡ್ರಿ?" ಎಂದೆ.

ಅವನು ಬಹಳ ಹೊತ್ತು ನನ್ನನ್ನೇ ನೋಡಿದ. ಆಮೇಲೆ ಉತ್ತರಕ್ಕಾಗಿ ಹೆಂಡತಿಯ ಮುಖ ನೋಡಿದ. ನಾನು ಹೊರಗೆ ಓಡಿ ದವಾಖಾನೆಗೆಂದು ಆಟೊ ಕೂಗಿದೆ.