ಉಧ್ನಾ ರಸ್ತೆಯ ಕಿರುಸೇತುವೆ

ಧಾರವಾಡದವನಾದ ನಾನು ಅರವತ್ತರ ದಶಕದ ನಡುವಿನಲ್ಲಿ ಸೂರತ್ತಿನ ರಸ್ತೆ ಇಲಾಖೆಯಲ್ಲಿ ಓವರ್‌ಸಿಯರ್ ಆಗಿದ್ದೆ. ಉಧ್ನಾ ಕಡೆಗಿನ ರಸ್ತೆಯಲ್ಲಿ ಜನ ಸಾಯುತ್ತಿದ್ದ ಜಾಗಗಳು ಎರಡು. ಒಂದು, ಬಟ್ಟೆ ಗಿರಣಿಗಳ ಮುಂದಿನ ತಿರುವು. ಗಿರಣಿ ಬಿಟ್ಟಾಗ ಕಾರ್ಮಿಕರು ಲಾರಿಗಳ ನಡುವೆಯೇ ದಾಟುತ್ತಿದ್ದರು. ಇನ್ನೊಂದು ಹಳ್ಳದ ಮೇಲಿನ ಕಿರುಸೇತುವೆ. ಅದರ ತಡೆಗೋಡೆ ಕುಸಿದುಹೋಗಿತ್ತು.

ಆ ವರ್ಷ ಒಂದೇ ಕೆಲಸಕ್ಕೆ ದುಡ್ಡಿತ್ತು. ಯಾವುದು ಮೊದಲೆಂದು ನೋಡಿ ಬರೆದುಕೊಡಲು ಮೇಲಧಿಕಾರಿ ಹೇಳಿದರು. ಎರಡೂ ಕಡೆ ಕೂತು ಓಡಾಟ ಎಣಿಸಿದೆ. ಸೇತುವೆಯ ಹತ್ತಿರ ಸೈಕಲ್ ರಿಪೇರಿ ಮಾಡುತ್ತಿದ್ದ ಮುದುಕ ಕೂರಲು ತನ್ನ ಪೆಟ್ಟಿಗೆ ಕೊಟ್ಟ. ಹಳ್ಳಕ್ಕೆ ಬಿದ್ದವರನ್ನು ಎರಡು ಸಲ ಅವನೇ ಮೇಲೆತ್ತಿದ್ದನಂತೆ.

"ಸಾಹೇಬ್, ದೀವಾಲ್ ಕ್ಯಾರೆ ಬನ್‌ಶೆ?" ಎಂದ. ಗೋಡೆ ಯಾವಾಗ ಎಂದು.

ಮುಂದಿನ ವರ್ಷ ಎಂದೆ. ಗಿರಣಿಯ ಕಡೆ ಜನ ಹೆಚ್ಚು. ಅದನ್ನೇ ಬರೆದುಕೊಟ್ಟೆ.

ಮಳೆಗಾಲದಲ್ಲಿ ಸೇತುವೆಯ ಮೇಲೆ ನೀರು ಹರಿಯಿತು. ರಸ್ತೆಯ ಅಂಚೇ ಕಾಣದು. ಮುದುಕ ಕೋಲಿಗೆ ಕೆಂಪು ಬಟ್ಟೆ ಕಟ್ಟಿಕೊಂಡು ಆ ಅಂಚಿನಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತ. ಮಧ್ಯಾಹ್ನದವರೆಗೂ ಗಾಡಿ, ಬಸ್ಸುಗಳನ್ನು ದಾಟಿಸಿದ. ಆಮೇಲೆ ಬಂದ ಲಾರಿಯೊಂದು ಜಾರಿ ಅವನನ್ನೂ ತಳ್ಳಿಕೊಂಡು ಹಳ್ಳಕ್ಕೆ ಬಿತ್ತು. ಹೆಣ ಸಿಕ್ಕಿದ್ದು ಎರಡು ದಿನದ ಮೇಲೆ.

ಅಂದು ನನಗೆ ಊಟ ಸೇರಲಿಲ್ಲ. "ಹೆಚ್ಚು ಮಂದಿ ಇರೋ ಕಡೆನ ಬರದೀರಿ. ನಿಮ್ಮ ತಪ್ಪೇನೈತ್ರಿ?" ಎಂದಳು ಹೆಂಡತಿ.

"ತಪ್ಪಿಲ್ಲ. ಆದ್ರ ಗ್ವಾಡಿ ಇದ್ದಿದ್ರ ಅಂವ ಅಲ್ಲಿ ನಿಲ್ಲತಿದ್ದಿಲ್ಲ."

ಅವಳು ತಾಟು ಎತ್ತಿದಳು.

ತುರ್ತು ಕೆಲಸವೆಂದು ಗೋಡೆಗೆ ಹಣ ಕೆಲವೇ ವಾರಗಳಲ್ಲಿ ಮಂಜೂರಾಯಿತು. ಎಲ್ಲಿಂದ ಬಂತೆಂದು ನಾನು ಕೇಳಲಿಲ್ಲ, ನಿಂತು ಕಟ್ಟಿಸಿದೆ. ಕೆಲಸ ಮುಗಿಯುವ ಹೊತ್ತಿಗೆ ಮುದುಕನ ಹೆಂಡತಿ ಅವನ ಸಾಮಾನು ಒಯ್ಯಲು ಬಂದಳು. ಅವಳು ಹಸಿ ಗಾರೆಯನ್ನು ಅಂಗೈಯಿಂದ ಮುಟ್ಟಿ ನೋಡಿ, ಪೆಟ್ಟಿಗೆ ತಲೆಯ ಮೇಲಿಟ್ಟುಕೊಂಡು ಹೋದಳು.

ಗಿರಣಿಯ ತಿರುವಿನ ಕೆಲಸವೂ ಮುಗಿಯಿತು, ಆಮೇಲೆ ಅಲ್ಲಿ ಯಾರೂ ಸಾಯಲಿಲ್ಲ. ಅದರಿಂದ ಜೀವ ಉಳಿದವರು ಯಾರೆಂದು ನನಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ.

ಬೇಸಗೆಗೆ, ಯಾವ ಕೆಲಸ ಮೊದಲೆಂದು ಮತ್ತೆ ಬರೆದುಕೊಡಲು ಹೇಳಿದರು. ಬೇರೆ ಯಾರಿಗಾದರೂ ವಹಿಸಿ ಎಂದು ಬೇಡಿಕೊಂಡೆ. ಅವರೂ ಒಂದನ್ನೇ ಆರಿಸಬೇಕಲ್ಲ ಎಂದರು ಮೇಲಧಿಕಾರಿ. ಕೊನೆಗೆ ನಾನೇ ಬರೆದೆ.