ಕುಂಞಿ ಗಾಳಿಗೆ ಬಿಟ್ಟ ಗ್ಯಾಸ್

ನರಿಕೊಂಬಿನ ಮಹಮ್ಮದ್ ಕುಂಞಿಗೆ ಐಸ್‌ಕ್ರೀಮ್ ಆಗದು, ಹಲ್ಲು ಜುಮ್ಮೆನ್ನುತ್ತದೆ. ಆದರೂ ಬಂಟ್ವಾಳದಿಂದ ಬೆಳ್ತಂಗಡಿ, ಮೂಡುಬಿದಿರೆವರೆಗೆ ಒಂದು ಕಂಪೆನಿಯ ಐಸ್‌ಕ್ರೀಮ್ ಪೆಟ್ಟಿಗೆಗಳೆಲ್ಲ ತಣ್ಣಗಿದ್ದದ್ದು ಅವನ ಕೈಯಿಂದಲೇ. ಸೌದಿಯ ದಮಾಮಿನಲ್ಲಿ ಕಲಿತ ಫ್ರಿಜ್ ರಿಪೇರಿ ಕೆಲಸ. ಅಲ್ಲಿಂದ ತಂದ ಅತ್ತರಿನ ಖಾಲಿ ಬಾಟಲಿಯನ್ನು ಹೆಂಡತಿ ಅವ್ವಮ್ಮ ಇನ್ನೂ ಬಟ್ಟೆಗಳ ನಡುವೆ ಇಟ್ಟಿದ್ದಾಳೆ, ಅದಿರಲಿ.

ಪೆಟ್ಟಿಗೆಯನ್ನು ತಣ್ಣಗಿಡುವ ಗ್ಯಾಸ್ ಪೈಪಿನಲ್ಲಿ ಎಲ್ಲಿ ಸೋರುತ್ತದೆಂದು ಹುಡುಕಲು ಅರ್ಧ ದಿನ ಬೇಕು. ಅಷ್ಟರಲ್ಲಿ ಐಸ್‌ಕ್ರೀಮ್ ಕರಗಿ ಅಂಗಡಿಯವನ ಮುಖ ಹುಳಿಯಾಗುತ್ತದೆ. ಹಾಗಾಗಿ ಕುಂಞಿ ಉಳಿದ ಗ್ಯಾಸನ್ನು ಪುಸ್ಸೆಂದು ಗಾಳಿಗೆ ಬಿಟ್ಟು, ಹೊಸತು ತುಂಬಿಸಿ, ಚಾ ಕುಡಿದು ಹೊರಡುತ್ತಿದ್ದ. ಎಲ್ಲರಿಗೂ ಖುಷಿ.

ಎರಡು ಸಾವಿರದ ಎಂಟರಲ್ಲಿ ಐಸ್‌ಕ್ರೀಮ್ ಕೊಳ್ಳುವ ಯಾವುದೋ ಹೊರದೇಶದ ಹೋಟೆಲಿನವರು, ನಿಮ್ಮಿಂದ ಭೂಮಿ ಎಷ್ಟು ಬಿಸಿಯಾಗುತ್ತದೆಂದು ಕಂಪೆನಿಯನ್ನು ಕೇಳಿದರು. ಲೆಕ್ಕ ಹಾಕಲು ಕೂತವಳು ಆಫೀಸಿನ ವಿಸ್ಮಿತಾ, ಅಳದಂಗಡಿಯ ಹುಡುಗಿ. ಅವಳು ಕುಂಞಿಯನ್ನು ಕರೆಸಿದಳು.

"ಕಾಕ, ವರ್ಷವಿಡೀ ತುಂಬಿಸಿದ ಗ್ಯಾಸ್ ಎಲ್ಲಿಗೆ ಹೋಯ್ತು?"

"ಪೆಟ್ಟಿಗೆಯೊಳಗೆ ಮಗಳೇ, ಮತ್ತೆಲ್ಲಿಗೆ?"

"ಪೆಟ್ಟಿಗೆ ಹೆಚ್ಚಾಗಲಿಲ್ಲ, ಇದ್ದಷ್ಟೇ ಉಂಟಲ್ಲ. ಅಂದ್ರೆ ಹೊಸತು ತುಂಬಿಸಿದಷ್ಟೇ ಹಳೆಯದು ಗಾಳಿಗೆ ಹೋಗಿದೆ. ಇದರ ಒಂದು ಕಿಲೋ, ಹೊಗೆಯಲ್ಲಿರುವ ಕಾರ್ಬನ್ ಡೈಆಕ್ಸೈಡಿನ ಸಾವಿರ ಕಿಲೋಗಿಂತಲೂ ಹೆಚ್ಚು ಬಿಸಿ ಮಾಡ್ತದೆ. ನಮ್ಮ ವ್ಯಾನುಗಳ ಹೊಗೆಯೆಲ್ಲ ಸೇರಿದ್ರೂ ನಿಮ್ಮ ಗ್ಯಾಸಿನಷ್ಟಿಲ್ಲ." ಆಮೇಲೆ ಸ್ವರ ತಗ್ಗಿಸಿದಳು. "ಸೋರುವುದು ನಿಲ್ಲದಿದ್ರೆ ಈ ಕೆಲಸ ಮಂಗಳೂರಿನವರಿಗೆ ಕೊಡ್ತಾರಂತೆ, ಕಾಕ."

ಮನೆಯಲ್ಲಿ ಅವ್ವಮ್ಮ ಇದನ್ನು ಕೇಳಿ ಬಾಯಿ ಬಿಟ್ಟಳು. "ಗಾಳಿಗೆ ಬಿಟ್ಟದ್ದಕ್ಕೂ ಲೆಕ್ಕವಾ? ಬಿಡಿ ಆ ಕೆಲಸ, ಮೊಣಕಾಲೂ ಹೋಗಿದೆ."

"ಬಿಟ್ಟು? ಮನೆಯಲ್ಲಿ ಕೂತು ನಿನ್ನ ಬೈಗುಳ ತಿನ್ನಲಾ?"

ಕಂಪೆನಿ ಕೊಟ್ಟ ಗ್ಯಾಸ್ ಹೀರುವ ಯಂತ್ರ ಸ್ಕೂಟರಿನಲ್ಲಿ ಕಲ್ಲಿನಂತೆ ಕೂತಿತು. ಲಾಯಿಲದ ನೋಣಯ್ಯನ ಅಂಗಡಿಯಲ್ಲಿ ಕುಂಞಿ, "ಪೆಟ್ಟಿಗೆ ಖಾಲಿ ಮಾಡಿ" ಎಂದ.

"ಎಂತ ಬ್ಯಾರಿಗಳೇ, ಈ ಬಿಸಿಲಿಗೆ? ಯಾವಾಗಿನ ಹಾಗೆ ಪುಸ್ ಮಾಡಿ ತುಂಬಿಸಿ ಮಾರಾಯ್ರೆ!"

"ಇನ್ನು ಪುಸ್ ಇಲ್ಲ."

ನೆಲಕ್ಕೆ ಕೂತು, ಪೈಪಿನ ಒಂದೊಂದು ಬೆಸುಗೆಗೂ ಸಾಬೂನು ನೊರೆ ಹಚ್ಚಿದ. ಬೆನ್ನು ಬಿದ್ದುಹೋಯಿತು. ಕೊನೆಗೆ ಹಿಂದಿನ ಮೂಲೆಯಲ್ಲಿ ಸಾಸಿವೆಯಷ್ಟು ಗುಳ್ಳೆ ಎದ್ದಿತು.

"ಇಷ್ಟು ವರ್ಷ ಇಲ್ಲೇ ಇದ್ದೆಯಾ?" ಎಂದ ಅದಕ್ಕೆ.

ಯಂತ್ರ ಗ್ಯಾಸನ್ನೆಲ್ಲ ಸಿಲಿಂಡರಿಗೆ ಎಳೆಯುತ್ತಿರುವಾಗ ನೋಣಯ್ಯ ಗೊಣಗುತ್ತಾ ಒಂದು ಕಪ್ ಐಸ್‌ಕ್ರೀಮ್ ಚಾಚಿದ. "ಹೇಗೂ ಕರಗ್ತದೆ, ತಿನ್ನಿ."

ಕುಂಞಿ ತಿಂದ. ಹಲ್ಲು ಜುಮ್ಮೆಂದಿತು. ಮೂಡುಬಿದಿರೆವರೆಗೆ ಹೀಗೆಯೇ ಹುಡುಕಲು ಉಳಿದ ಪೆಟ್ಟಿಗೆಗಳೆಲ್ಲ ಕಣ್ಣ ಮುಂದೆ ಬಂದವು. ಯಂತ್ರ ಎಳೆದು ಮುಗಿಸಿದಾಗ ಕಪ್ ಕೆಳಗಿಟ್ಟು, ಆ ತೂತು ಮುಚ್ಚಲು ಬೆಸುಗೆಯ ಉರಿ ಹಚ್ಚಿದ.