ಮೇಷ್ಟ್ರ ಕಣ್ಣು

ಎಲ್ಲಾದರೂ ಸನ್ಮಾನ ಅಂತ ಕರೆದು ಶಾಲು ಹೊದಿಸಿದರೆ ನನಗೆ ಮೈಯೆಲ್ಲ ಚುರುಗುಟ್ಟುತ್ತದೆ. ರಾಜಾಜಿನಗರದ ಕಾರ್ಖಾನೆ ಗುಮಾಸ್ತರ ಮಗ, ಹದಿನಾರಕ್ಕೆ ರಾಜ್ಯದ ಜೂನಿಯರ್ ಚಾಂಪಿಯನ್, ಹದಿನೆಂಟು ತುಂಬುವ ಮೊದಲೇ ವಿಮಾನ ಹತ್ತಿ ಹೊರದೇಶದಲ್ಲಿ ದುಡ್ಡಿಗೆ ಟೆನಿಸ್ ಆಡಿದವರು ಎಂದು ಯಾರೋ ಮೈಕು ಹಿಡಿದು ಹೇಳುತ್ತಾರೆ. ಅದೆಲ್ಲ ನಿಜವೇ. ಆಮೇಲೆ, ಸ್ವಂತ ಪರಿಶ್ರಮದಿಂದ ಮೇಲೆ ಬಂದವರು ಎಂದೂ ಸೇರಿಸುತ್ತಾರೆ. ಅಲ್ಲಿಗೆ ನಾನು ತಲೆ ತಗ್ಗಿಸಿ ಚಪ್ಪಲಿ ನೋಡುತ್ತ ಕೂರುತ್ತೇನೆ. ಜನ ಅದನ್ನು ವಿನಯ ಅಂದುಕೊಳ್ಳುತ್ತಾರೆ. ವಿನಯವಂತೆ, ಮಣ್ಣು! ನಾನು ಹೇಗೆ ಮೇಲೆ ಬಂದೆ ಅನ್ನುವುದು ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬರು ಬಾಯಿ ಬಿಡದೆ ತೀರಿಕೊಂಡರು. ಇನ್ನೊಬ್ಬ ನಾನು.

ನಮ್ಮಪ್ಪ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಕೆಲಸಗಾರರ ಹಾಜರಿ ಬರೆಯುತ್ತಿದ್ದರು. ಕಾರ್ಖಾನೆಗೆ ಅಂಟಿಕೊಂಡಂತೆ ಆಫೀಸರುಗಳ ಕ್ಲಬ್ಬು, ಅದರ ಹಿಂದೆ ಒಂದೇ ಒಂದು ಟೆನಿಸ್ ಕೋರ್ಟು. ಹುತ್ತದ ಮಣ್ಣಿಗೆ ಮರಳು ಕಲಸಿ, ರೋಲರ್ ಎಳೆದು, ಮೇಲೆ ನಮ್ಮ ಅಜ್ಜಿಯರು ಅಂಗಳ ಸಾರಿಸಿದ ಹಾಗೆ ಸೆಗಣಿ ಸಾರಿಸಿದ ಕೋರ್ಟು. ಗೆರೆಗಳು ಸುಣ್ಣದವು. ಸಂಜೆ ನಾಲ್ಕರ ಮೇಲೆ ಅದು ಆಫೀಸರುಗಳದು. ಅದಕ್ಕೆ ಮುಂಚೆ, ಬಿಸಿಲು ನೆತ್ತಿ ಸುಡುವ ಹೊತ್ತಿನಲ್ಲಿ, ನಮ್ಮಂಥ ನೌಕರರ ಮಕ್ಕಳು ಆಡಿದರೆ ಯಾರೂ ಬೇಡ ಅನ್ನುತ್ತಿರಲಿಲ್ಲ.

ನನಗೆ ಆಟ ಕಲಿಸಿದವರನ್ನು ನಾವು ಮೇಷ್ಟ್ರು ಅನ್ನುತ್ತಿದ್ದೆವು. ಅವರು ಯಾವ ಶಾಲೆಯ ಮೇಷ್ಟ್ರೂ ಅಲ್ಲ. ಮೂಡಲಪಾಳ್ಯದ ರಾಗಿ ಬೆಳೆಯುವ ಮನೆಯವರು, ಕಾರ್ಖಾನೆಯ ಇನ್‌ಸ್ಪೆಕ್ಷನ್ ಸೆಕ್ಷನ್ನಿನಲ್ಲಿ ಕೆಲಸ. ತಯಾರಾದ ಬಿಡಿಭಾಗಗಳನ್ನು ಮೈಕ್ರೋಮೀಟರಿನಿಂದ ಅಳೆದು, ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ಪಕ್ಕಕ್ಕೆಸೆಯುವುದು. ಡಬಲ್ಸ್ ಆಡಲು ಒಬ್ಬರು ಕಮ್ಮಿ ಬಿದ್ದಾಗ ಆಫೀಸರುಗಳು ಇವರನ್ನು ಕರೆಯುತ್ತಿದ್ದರಂತೆ. ಹಾಗೆ ಕಲಿತ ಆಟ. ಫಸ್ಟ್ ಶಿಫ್ಟ್ ಮುಗಿಸಿ, ಊಟವನ್ನೂ ಮಾಡದೆ ಸೈಕಲ್ಲನ್ನು ಬೇಲಿಗೆ ಒರಗಿಸಿ, ಒಂಬತ್ತು ವರ್ಷದ ನನಗೆ ಬ್ಯಾಟು ಹಿಡಿಯುವುದನ್ನು ತೋರಿಸಿದರು. ಎಂಟು ವರ್ಷ ತೋರಿಸಿದರು. ಒಂದು ಕಾಸು ಕೇಳಲಿಲ್ಲ.

ಅವರ ಕಣ್ಣು ಕಾರ್ಖಾನೆಯಲ್ಲೆಲ್ಲ ಹೆಸರುವಾಸಿ. ನೆಟ್ಟಿನ ಆಚೆ ಬಿದ್ದ ಚೆಂಡಿನ ಮೇಲಿನ ಸಣ್ಣ ಅಕ್ಷರವನ್ನು ಈಚೆಯಿಂದ ಓದುತ್ತಿದ್ದರು. ಚೆಂಡು ಗೆರೆ ಮುಟ್ಟಿತೋ ಇಲ್ಲವೋ ಎಂದು ಆಫೀಸರುಗಳು ಜಗಳವಾಡಿದರೆ ಮೇಷ್ಟ್ರು ಹೇಳಿದ್ದೇ ಕೊನೆ. ತಾವೇ ಆಡುವಾಗ ತಮ್ಮ ವಿರುದ್ಧವೇ ಹೇಳಿ ಎಷ್ಟೋ ಸಲ ಸೋತರು. ಅನುಮಾನ ಬಂದರೆ ಪಾಯಿಂಟು ಎದುರಿನವನದು, ಅದರಲ್ಲಿ ಯೋಚನೆ ಮಾಡುವುದೇನಿದೆ ಅನ್ನುತ್ತಿದ್ದರು. ನನಗೆ ಒಳಗೊಳಗೇ ಸಿಟ್ಟು ಬರುತ್ತಿತ್ತು. ಇಂಥ ಸತ್ಯಹರಿಶ್ಚಂದ್ರನಾಗಿ ಯಾವ ಕಪ್ ಗೆದ್ದಿರಿ ಮೇಷ್ಟ್ರೇ ಎಂದು ಕೇಳಬೇಕು ಅನಿಸುತ್ತಿತ್ತು. ಕೇಳಲಿಲ್ಲ, ಅಷ್ಟು ಪುಣ್ಯ.

ಜೂನಿಯರ್ ಚಾಂಪಿಯನ್ ಆದ ವರ್ಷ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಪೇಪರಿನಲ್ಲಿ ಹೆಬ್ಬೆರಳಿನಷ್ಟು ಫೋಟೋ ಬಂತು. ಅಮ್ಮ ಅದನ್ನು ಕತ್ತರಿಸಿ ದೇವರ ಪಟದ ಪಕ್ಕ ಅಂಟಿಸಿದಳು. ನಮ್ಮ ರಸ್ತೆಯ ಮನೆಗಳವರು ಕರೆದು ಕರೆದು ಕೋಡುಬಳೆ ಕೊಟ್ಟರು. ಕಾಲೇಜಿನ ಹುಡುಗರು, ಏನ್ ಗುರು ನಮ್ಮನ್ನೆಲ್ಲ ಮರ್ತ್‌ಬಿಟ್ಟೆ ಎಂದು ಕಾಲೆಳೆದರು. ನಿಜವಾಗಿಯೂ ಮರೆಯುತ್ತಿದ್ದೆ. ಮೇಷ್ಟ್ರು ತಮ್ಮ ಹಳೇ ಕ್ಯಾನ್ವಾಸ್ ಶೂ ಹಾಕಿಕೊಂಡು ಪಂದ್ಯ ನೋಡಲು ಬಂದರೆ, ದೊಡ್ಡ ಕ್ಲಬ್ಬುಗಳ ಹುಡುಗರ ಮುಂದೆ ಅವರ ಪಕ್ಕ ನಿಲ್ಲುವುದಕ್ಕೆ ನನಗೆ ಹಿಂಜರಿಕೆಯಾಗುತ್ತಿತ್ತು. ಅದು ಅವರಿಗೆ ಗೊತ್ತಾಗುತ್ತಿತ್ತು ಅಂತ ಈಗ ಗೊತ್ತಾಗುತ್ತದೆ. ಅವರು ಬೇಲಿಯ ಆಚೆಯೇ ನಿಂತು ನೋಡುತ್ತಿದ್ದರು.

ಮರುವರ್ಷ ನಮ್ಮ ಕ್ಲಬ್ಬಿನಲ್ಲೇ ದೊಡ್ಡವರ ಓಪನ್ ಟೂರ್ನಮೆಂಟು ಇಟ್ಟರು. ಕ್ಲಬ್ಬಿನ ಅಧ್ಯಕ್ಷರು ಒಂದು ಮಾತು ಕೊಟ್ಟರು. ಹದಿನೆಂಟರ ಒಳಗಿನ ಯಾವ ಹುಡುಗ ಸೆಮಿಫೈನಲ್ ತಲುಪುತ್ತಾನೋ ಅವನನ್ನು ಆ ಬೇಸಿಗೆ ಆಡಲು ಹೊರದೇಶಕ್ಕೆ ಕಳಿಸುವುದು, ಖರ್ಚೆಲ್ಲ ಅವರದು. ನನಗೆ ಹದಿನೆಂಟು ತುಂಬಲು ಐದು ತಿಂಗಳಿತ್ತು. ಇನ್ನೊಂದು ಸಲ ಇಂಥ ಅವಕಾಶ ನಮ್ಮಂಥವರ ಮನೆ ಬಾಗಿಲಿಗೆ ಬರುವುದಿಲ್ಲ ಎಂದು ಅಪ್ಪ ಸ್ನಾನದ ಮನೆಯಿಂದಲೂ ಊಟದ ಎಲೆಯಿಂದಲೂ ಹೇಳಿದರು. ನನಗೆ ನಿದ್ದೆ ಹತ್ತಲಿಲ್ಲ.

ನಾನು ಕ್ವಾರ್ಟರ್ ಫೈನಲ್ ತನಕ ಬಂದೆ. ಆಗಿನ ಟೂರ್ನಮೆಂಟುಗಳಲ್ಲಿ ಒಂದು ಪದ್ಧತಿ. ಅಂಪೈರುಗಳನ್ನು ಹೊರಗಿನಿಂದ ಕರೆಸುತ್ತಿರಲಿಲ್ಲ. ಒಂದು ಪಂದ್ಯದಲ್ಲಿ ಸೋತವನು, ಬೆವರು ಒರೆಸಿಕೊಂಡು, ಅದೇ ಕೋರ್ಟಿನ ಮುಂದಿನ ಪಂದ್ಯಕ್ಕೆ ಅಂಪೈರಿನ ಎತ್ತರದ ಕುರ್ಚಿ ಹತ್ತಬೇಕು. ಸೋತ ಸಂಕಟಕ್ಕೆ ಇದೊಂದು ದಂಡ ಎಂದು ಎಲ್ಲರೂ ಗೊಣಗುತ್ತಿದ್ದರು. ಅವತ್ತು ನನ್ನ ಪಂದ್ಯಕ್ಕೆ ಮೊದಲು ಹಿರಿಯರ ಪಂದ್ಯವಿತ್ತು. ಮೇಷ್ಟ್ರು ಆಡಿದರು, ಎಂದಿನಂತೆ ಸೋತರು, ಕುರ್ಚಿ ಹತ್ತಿದರು. ಅವರ ಶಿಷ್ಯ ಆಡುವ ಪಂದ್ಯಕ್ಕೆ ಅವರೇ ಅಂಪೈರ್ ಆದರೂ ಒಬ್ಬರೂ ತಕರಾರು ಎತ್ತಲಿಲ್ಲ. ಅವರ ಹೆಸರು ಅಂಥದ್ದು.

ನನ್ನ ಎದುರಾಳಿ ಬೇರೆ ಊರಿನ ಬ್ಯಾಂಕ್ ಗುಮಾಸ್ತ, ಎಡಗೈಯವನು, ಮಾತು ಕಮ್ಮಿ. ಒಂದೊಂದು ಸೆಟ್ ಆಯಿತು. ಮೂರನೆಯದರಲ್ಲಿ ಅವನು ಐದು, ನಾನು ನಾಲ್ಕು, ಅವನಿಗೆ ಮ್ಯಾಚ್ ಪಾಯಿಂಟ್. ಬೇಲಿಯ ಸುತ್ತ ಶಿಫ್ಟ್ ಬಿಟ್ಟು ಬಂದ ಜನ. ಅವನು ಎತ್ತಿ ಹೊಡೆದ ಚೆಂಡು ನನ್ನ ತಲೆಯ ಮೇಲಿಂದ ಹೋಗಿ ಹಿಂದಿನ ಗೆರೆಯ ಮೇಲೆ ಬಿತ್ತು. ಗೆರೆಯ ಮೇಲೆಯೇ, ಗೆರೆ ಮುಟ್ಟಿದರೂ ಒಳಗೆ ಅಂತಲೇ ಲೆಕ್ಕ. ಸುಣ್ಣ ಹಾರಿದ್ದನ್ನು ನಾನು ಕಣ್ಣಾರೆ ಕಂಡೆ. ಮುಗೀತು ಅಂದುಕೊಂಡು ಕುರ್ಚಿಯ ಕಡೆ ತಿರುಗಿದೆ.

ಮೇಷ್ಟ್ರು ಚೆಂಡು ಬಿದ್ದ ಕೂಡಲೇ ಹೇಳಿಬಿಡುವವರು. ಅವತ್ತು ಹೇಳಲಿಲ್ಲ. ನನ್ನ ಮುಖ ನೋಡಿದರು. ಅಷ್ಟೇ ಹೊತ್ತು, ಒಂದು ಉಸಿರಿನಷ್ಟು. ನನ್ನ ಮುಖದಲ್ಲಿ ಏನಿತ್ತೋ, ಎಷ್ಟು ದೈನ್ಯವಿತ್ತೋ, ನಾನು ನೋಡಲಿಲ್ಲ.

"ಔಟ್" ಎಂದರು.

ಚೆಂಡಿನ ಹಿಂದೆ ಓಡಿದ್ದ ನಾನು ಗೆರೆಯ ಹತ್ತಿರವೇ ನಿಂತಿದ್ದೆ. ಸುಣ್ಣದ ಮೇಲೆ ಚೆಂಡಿನ ಗುರುತು ಕಾಸಿನಷ್ಟು ಅಗಲ ಬಿದ್ದಿತ್ತು. ಅದು ಒಳಗೆ ಬಿತ್ತು ಎಂದು ನಾನು ಕೈಯೆತ್ತಿದ್ದರೆ ಸಾಕಿತ್ತು. ಎಂಟು ವರ್ಷ ಅವರು ನನಗೆ ಹೇಳಿಕೊಟ್ಟದ್ದೇ ಅದನ್ನು. ಬ್ಯಾಂಕಿನವನು ನೆಟ್ಟಿನ ಹತ್ತಿರ ಬಂದು, ದಯವಿಟ್ಟು ಗುರುತು ನೋಡಿ ಹೇಳುತ್ತೀರಾ ಎಂದು ಮರ್ಯಾದೆಯಿಂದ ಕೇಳಿದ. ಅವನು ಕೇಳಿ ಮುಗಿಸುವ ಮೊದಲೇ ನಾನು ಶೂ ಎಳೆದು ಗುರುತನ್ನು ಅಳಿಸಿಯಾಗಿತ್ತು. ಯಾವ ಗುರುತು ಅಂತ ಹೇಳಲಿ, ಇಲ್ಲಿ ಹತ್ತಿವೆ ಎಂದೆ. ಥೂ. ಇದನ್ನು ಬರೆಯುವಾಗಲೂ ಬಲಗಾಲು ಮರಗಟ್ಟಿದ ಹಾಗಾಗುತ್ತದೆ.

ಆಮೇಲೆ ಆ ಮನುಷ್ಯನ ಆಟ ಕೆಟ್ಟಿತು. ಏಳು-ಐದರಲ್ಲಿ ನಾನು ಗೆದ್ದೆ. ಜನ ನನ್ನನ್ನು ಎತ್ತಿಕೊಂಡರು.

ಚಹಾದ ಮೇಜಿನ ಹತ್ತಿರ ಕ್ಲಬ್ಬಿನ ಸೆಕ್ರೆಟರಿ ನನ್ನನ್ನು ಪಕ್ಕಕ್ಕೆ ಕರೆದರು. ಕಾರ್ಖಾನೆಯಲ್ಲಿ ಅವರು ಇನ್‌ಸ್ಪೆಕ್ಷನ್ ಸೆಕ್ಷನ್ನಿಗೇ ಮೇಲಧಿಕಾರಿ. ಬ್ಯಾಂಕಿನವನು ದೂರು ಬರೆದುಕೊಟ್ಟಿದ್ದ. ತಪ್ಪಿ ಹೇಳಿದ್ದಾದರೆ ಅಂಪೈರಿನ ಮಾತೇ ಕೊನೆ, ಫಲಿತಾಂಶ ಹಾಗೇ ಇರುತ್ತದೆ. ಬೇಕೆಂದೇ ಹೇಳಿದ್ದಾದರೆ ನಿನ್ನ ಗೆಲುವನ್ನು ರದ್ದು ಮಾಡಬೇಕಾಗುತ್ತದೆ ಎಂದು ಅವರು ಬಿಡಿಸಿ ಹೇಳಿದರು. ಆಮೇಲೆ, ಅವರಂಥವರ ಕಣ್ಣು ತಪ್ಪುವುದು ಹೇಗಯ್ಯ, ನಿನಗಾಗಿ ಮಾಡಿದರೋ ಹೇಗೆ ಎಂದು ನೇರವಾಗಿಯೇ ಕೇಳಿದರು. ಮೇಷ್ಟ್ರು ಇಪ್ಪತ್ತು ಹೆಜ್ಜೆ ದೂರದಲ್ಲಿ ಸ್ಕೋರಿನ ಹಾಳೆ ಹಿಡಿದು ನಿಂತಿದ್ದರು. ಮಾತು ಅಲ್ಲಿಗೆ ಕೇಳಿಸುತ್ತಿತ್ತು.

"ನಾನು ಸರಿಯಾಗಿ ನೋಡ್ಲಿಲ್ಲ ಸಾರ್" ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಮೇಷ್ಟ್ರಿಗೆ ಈಚೀಚೆಗೆ ಕಣ್ಣು ಅಷ್ಟಾಗಿ ಕಾಣ್ಸಲ್ಲ ಸಾರ್. ಅವರು ಹೇಳ್ಕೊಳ್ಳಲ್ಲ."

ಸೆಕ್ರೆಟರಿ ತಿರುಗಿ, ಹೌದೇನ್ರೀ ಎಂದು ಅವರನ್ನೇ ಕೇಳಿದರು. ಮೇಷ್ಟ್ರು ಕೈಯಲ್ಲಿದ್ದ ಹಾಳೆಯನ್ನು ನಾಲ್ಕಾಗಿ ಮಡಿಸಿದರು. ಹೌದು ಸಾರ್, ಸಂಜೆ ಹೊತ್ತು ಸ್ವಲ್ಪ ಮಂಜು ಎಂದರು. ಅವರು ಸುಳ್ಳು ಹೇಳಿದ್ದನ್ನು ನಾನು ಒಂದೇ ದಿನ ಎರಡು ಸಲ ಕೇಳಿದೆ, ಎರಡೂ ನನಗೋಸ್ಕರ.

ನನಗೆ ಆಗ ನಾಚಿಕೆಯಾಯಿತೆಂದು ಬರೆದರೆ ಅದೂ ಸುಳ್ಳಾಗುತ್ತದೆ. ಬಚಾವಾದೆ ಅನ್ನಿಸಿತು. ಮಾರನೆಯ ದಿನ ಸೆಮಿಫೈನಲ್ಲಿನಲ್ಲಿ ಸೋತೆ, ಸೋತರೂ ಚಿಂತೆಯಿರಲಿಲ್ಲ. ಪಾಸ್‌ಪೋರ್ಟಿಗೆ ಫೋಟೋ ತೆಗೆಸಿಕೊಂಡೆ. ಸ್ವೆಟರ್ ಬಂತು, ಸೂಟ್‌ಕೇಸ್ ಬಂತು. ಮಧ್ಯಾಹ್ನ ಕೋರ್ಟಿಗೆ ಹೋಗುವುದನ್ನು ನಿಲ್ಲಿಸಿದೆ. ಮೇಷ್ಟ್ರೂ ಬರುತ್ತಿಲ್ಲವೆಂದು ಯಾರೋ ಹೇಳಿದರು. ಸದ್ಯ ಅಂದುಕೊಂಡೆ.

ಮೂರು ವಾರ ಕಳೆದಿರಬೇಕು. ಅಪ್ಪ ಊಟಕ್ಕೆ ಕೂತು, ಪಾಪ ನಿಮ್ಮ ಮೇಷ್ಟ್ರಿಗೆ ಹೀಗಾಗಬಾರದಿತ್ತು ಎಂದರು. ಕಣ್ಣು ಮಂಜಾದವನನ್ನು ಇನ್‌ಸ್ಪೆಕ್ಷನ್ನಿನಲ್ಲಿ ಇಟ್ಟುಕೊಳ್ಳುವುದು ಹೇಗೆಂದು ಮೇಲಿನವರು ಕಾರ್ಖಾನೆಯ ಡಿಸ್ಪೆನ್ಸರಿಯಲ್ಲಿ ಪರೀಕ್ಷೆ ಮಾಡಿಸಿದರಂತೆ. ಗೋಡೆಯ ಮೇಲಿನ ಅಕ್ಷರಗಳಲ್ಲಿ ಮೇಲಿನ ಎರಡು ಸಾಲು ಓದಿ, ಕೆಳಗಿನವು ಕಾಣುವುದಿಲ್ಲ ಎಂದರಂತೆ. ಕನ್ನಡಕ ಬರೆದುಕೊಟ್ಟು, ಅವರನ್ನು ಸ್ಟೋರಿಗೆ ಹಾಕಿದ್ದಾರಂತೆ, ಕೈಗವಸು, ಒರೆಸುವ ಬಟ್ಟೆ ಹಂಚುವ ಕೆಲಸಕ್ಕೆ. ಇಪ್ಪತ್ತು ವರ್ಷ ಮೈಕ್ರೋಮೀಟರ್ ಹಿಡಿದ ಕೈ ಅದು ಎಂದು ಅಪ್ಪ ಲೊಚಗುಟ್ಟಿದರು. ಅಮ್ಮ ನನ್ನ ತಟ್ಟೆಗೆ ಇನ್ನೊಂದು ಸೌಟು ಹುಳಿ ಬಡಿಸಿದಳು.

ಕೊನೆಯ ಸಾಲಿನ ತನಕ ಓದಲು ಅವರಿಗೆ ಗೋಡೆಯ ಹತ್ತಿರವೂ ಹೋಗಬೇಕಾಗಿರಲಿಲ್ಲ. ಆದರೆ ಓದಿದ್ದರೆ ಕಣ್ಣು ಸರಿಯಿದೆ ಅಂತಾಗುತ್ತಿತ್ತು. ಕಣ್ಣು ಸರಿಯಿದ್ದರೆ ಆ ಔಟ್ ಬೇಕೆಂದೇ ಹೇಳಿದ್ದು. ಬೇಕೆಂದೇ ಹೇಳಿದ್ದಾದರೆ ನನ್ನ ಸೆಮಿಫೈನಲ್ ಇಲ್ಲ, ವಿಮಾನವಿಲ್ಲ. ಅದಕ್ಕೇ ಅವರು ಓದಲಿಲ್ಲ. ಅವತ್ತೇ ಅಪ್ಪನಿಗೆ ಹೇಳಿಬಿಡಬಹುದಿತ್ತು. ಸೆಕ್ರೆಟರಿಯ ಮನೆ ಎರಡು ರಸ್ತೆಯಾಚೆ. ಹೋಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಗೇಟಿನ ತನಕ ಹೋಗಿ ವಾಪಸ್ಸು ಬಂದೆ.

ಹೊರಡುವ ಹಿಂದಿನ ಭಾನುವಾರ ಅಮ್ಮ ತಾಂಬೂಲ, ಹಣ್ಣು, ಒಂದು ಪಂಚೆ ಚೀಲಕ್ಕಿಟ್ಟು, ಗುರುಗಳಿಗೆ ನಮಸ್ಕಾರ ಮಾಡದೆ ನೀನು ಹೊಸಿಲು ದಾಟಬೇಡ ಎಂದು ಹಟ ಹಿಡಿದಳು. ಸೈಕಲ್ ತುಳಿದು ಮೂಡಲಪಾಳ್ಯಕ್ಕೆ ಹೋದೆ. ಆಗೆಲ್ಲ ವಿಜಯನಗರ ದಾಟಿದರೆ ಹೊಲಗಳೇ. ಇವತ್ತು ಹೇಳಿಯೇಬಿಡುತ್ತೇನೆ, ಕಾಲು ಹಿಡಿದು ತಪ್ಪಾಯಿತು ಅನ್ನುತ್ತೇನೆ ಎಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ.

ಮೇಷ್ಟ್ರು ಜಗಲಿಯ ಮೇಲೆ ಕೂತಿದ್ದರು. ಆರು ವರ್ಷದ ಮಗಳ ಅಂಗಾಲಿಗೆ ಜಾಲಿಮುಳ್ಳು ಹೊಕ್ಕಿತ್ತು. ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಪಿನ್ನಿನಿಂದ ಚರ್ಮ ಬಿಡಿಸುತ್ತಿದ್ದರು. ಬರಿಗಣ್ಣು. ಕೈ ಸ್ವಲ್ಪವೂ ಅಲುಗುತ್ತಿರಲಿಲ್ಲ. ಮಗು ನಗುತ್ತ ಏನೋ ಹೇಳುತ್ತಿತ್ತು.

ಸೈಕಲ್ಲಿನ ಸದ್ದಿಗೆ ತಲೆಯೆತ್ತಿ ನನ್ನನ್ನು ನೋಡಿದರು. ನೋಡಿದವರೇ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು.

ನಾನು ಚೀಲ ಕೆಳಗಿಟ್ಟು ನಮಸ್ಕಾರ ಮಾಡಿದೆ. ಒಳ್ಳೇದಾಗ್ಲಿ ಎಂದರು. ಊಟ ಮಾಡಿಕೊಂಡು ಹೋಗು ಎಂದರು. "ಮೇಷ್ಟ್ರೇ, ಅವತ್ತು..." ಎಂದು ನಾನು ಶುರುಮಾಡಿದೆ.

"ಆ ವಿಷ್ಯ ಬೇಡ ಕಣೋ" ಎಂದರು. "ನಾನ್ ಮಾಡಿದ್ದು ನಂದು. ನೀನ್ ಹೋಗಿ ಆಡು."

ಕೋಪವಿರಲಿಲ್ಲ ದನಿಯಲ್ಲಿ. ಮತ್ತೆ ಬಗ್ಗಿ ಪಿನ್ನು ಹಿಡಿದರು. ಇಲ್ಲದ ಮಂಜಿಗೆ ಡಾಕ್ಟರು ಕೊಟ್ಟ ದಪ್ಪ ಗಾಜು. ಅದರೊಳಗಿನಿಂದ ಅವರಿಗೆ ಮುಳ್ಳು ಕಾಣಿಸಲಿಲ್ಲ. ಪಿನ್ನು ಪಕ್ಕದ ಚರ್ಮಕ್ಕೆ ತಾಗಿತು. ಇನ್ನೊಮ್ಮೆ ತಾಗಿತು, ರಕ್ತ ಬಂತು.

"ಅಪ್ಪಾ, ಕನ್ನಡಕ ತೆಗಿ, ಚುಚ್ತಾ ಇದೆ" ಎಂದು ಮಗು ಅಳಲು ಶುರುಮಾಡಿತು.

ಅವರು ತೆಗೆಯಲಿಲ್ಲ. ನಾನು ಅಲ್ಲಿ ನಿಂತಿರುವ ತನಕ ತೆಗೆಯುವುದಿಲ್ಲ ಎಂದು ನನಗೆ ಗೊತ್ತಾಯಿತು. ಮಗುವಿನ ಕಾಲಿನ ಮುಳ್ಳು ಬೇಗ ಹೊರಗೆ ಬರಲಿ ಎಂದು ಸೈಕಲ್ ಹತ್ತಿ ಹೊರಟುಬಿಟ್ಟೆ.